ಎರಡು ಫೋಟೊಗಳ ನಡುವಿನ ದಿನಗಳು

ಸೌಂದರ್ಯ ಚಿಕಿತ್ಸೆಯ ಜಾಹೀರಾತುಗಳಲ್ಲಿ ಎರಡು ಫೋಟೊ ಅಕ್ಕಪಕ್ಕ ಇರುತ್ತವೆ. ಎಡಗಡೆ ‘ಮೊದಲು’, ಬಲಗಡೆ ‘ನಂತರ’. ಎಡಗಡೆಯ ಮುಖದಲ್ಲಿ ಕೆನ್ನೆ ಜೋತಿದೆ, ದವಡೆಯ ಅಂಚು ಎಲ್ಲಿದೆ ಎಂದು ಹುಡುಕಬೇಕು, ಗದ್ದದ ಕೆಳಗೆ ಚರ್ಮ ನೇತಾಡುತ್ತಿದೆ. ಬೆಳಕೂ ಮಂಕು, ನಗುವೂ ಇಲ್ಲ. ಬಲಗಡೆಯಲ್ಲಿ ಅದೇ ಮುಖ ಬಿಗಿಯಾಗಿದೆ, ಬೆಳಕು ಚೆನ್ನಾಗಿದೆ, ತುಟಿಗೆ ಬಣ್ಣ ಬಂದಿದೆ, ಹಲ್ಲು ಕಾಣುವಷ್ಟು ನಗು ಬಂದಿದೆ. ಈ ಎರಡು ಚಿತ್ರಗಳ ನಡುವೆ ಆರು ತಿಂಗಳೋ ಒಂದು ವರ್ಷವೋ ಕಳೆದಿರುತ್ತದೆ. ಆ ದಿನಗಳ ಫೋಟೊ ಯಾರೂ ಹಾಕುವುದಿಲ್ಲ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಆ ದಿನಗಳ ಬಗ್ಗೆ.

ನಾನು ಪ್ಲಾಸ್ಟಿಕ್ ಸರ್ಜನ್. ನನ್ನ ಕೆಲಸದ ಹೆಚ್ಚಿನ ಪಾಲು ಸುಟ್ಟ ಗಾಯ, ಅಪಘಾತದಲ್ಲಿ ಒಡೆದ ಮುಖ, ಮಕ್ಕಳ ಸೀಳುತುಟಿ ಇಂಥವುಗಳದ್ದು. ಇಳಿದ ಮುಖವನ್ನು ಎತ್ತಿ ಬಿಗಿಸುವ ಫೇಸ್‌ಲಿಫ್ಟ್ ಬೇಕೆಂದು ಬರುವವರು ಕಡಿಮೆ. ಆದರೆ ಮೊದಲಿನಷ್ಟು ಕಡಿಮೆಯಲ್ಲ. ಬರುವವರೆಲ್ಲ ಸಿನಿಮಾದವರು ಎಂದುಕೊಳ್ಳಬೇಡಿ. ಬ್ಯಾಂಕಿನಿಂದ ನಿವೃತ್ತರಾದವರು, ಶಾಲೆಯ ಮೇಡಂ, ಬಟ್ಟೆ ಅಂಗಡಿಯ ಯಜಮಾನರು, ಮಗಳ ಮದುವೆ ನಿಶ್ಚಯವಾಗಿರುವ ತಾಯಂದಿರು. ಕನ್ನಡಿಯ ಮುಂದೆ ಕೂತ ಕೂಡಲೇ ಹೆಚ್ಚುಕಡಿಮೆ ಎಲ್ಲರೂ ಮಾಡುವ ಕೆಲಸ ಒಂದೇ. ಎರಡೂ ಕೈಯ ಬೆರಳುಗಳನ್ನು ಕೆನ್ನೆಯ ಮೇಲಿಟ್ಟು ಕಿವಿಯ ಕಡೆಗೆ ಎಳೆದು ಹಿಡಿದು, “ಇಷ್ಟಾದ್ರೆ ಸಾಕು ಡಾಕ್ಟ್ರೇ” ಅನ್ನುತ್ತಾರೆ.

ಇವರನ್ನು ಶೋಕಿಯವರು ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. “ಚೆಲುವೆಯಾಗಬೇಕು” ಎಂದು ಬಾಯಿಬಿಟ್ಟು ಕೇಳುವವರು ಅಪರೂಪ. “ನನಗೇನೂ ಸುಸ್ತಿಲ್ಲ. ಆದ್ರೂ ಸಿಕ್ಕವರೆಲ್ಲ ‘ಯಾಕ್ರೀ ಮೇಡಂ, ಮೈಗೆ ಹುಷಾರಿಲ್ವಾ’ ಅಂತ ಕೇಳ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ” ಎಂಬುದು ಹೆಚ್ಚಿನವರ ದೂರು. ಮನಸ್ಸು ಹೇಳುವುದು ಒಂದು, ಮುಖ ತೋರಿಸುವುದು ಇನ್ನೊಂದು. ಇದು ನಿಜವಾದ ಕಷ್ಟವೇ.

ಮುಖ ಇಳಿಯುವುದು ಯಾಕೆ? ಚರ್ಮ ಸಡಿಲವಾಗುವುದರಿಂದ ಎಂದು ನಾವು ತಿಳಿದಿದ್ದೇವೆ. ಅದು ಕಾಲು ಭಾಗ ನಿಜ. ಬಿಸಿಲು, ಹೊಗೆ, ವಯಸ್ಸು ಮೂರೂ ಸೇರಿ ಚರ್ಮದ ಹುರಿಯನ್ನು ಸಡಿಲ ಮಾಡುತ್ತವೆ, ಸರಿ. ಅದರ ಕೆಳಗಿನ ಕೊಬ್ಬು ಕೆಲವು ಕಡೆ ಕರಗುತ್ತದೆ, ಕೆಲವು ಕಡೆ ಜಾರುತ್ತದೆ. ಇನ್ನೂ ಕೆಳಗೆ ಮೂಳೆಯೇ ಸವೆಯುತ್ತದೆ: ಕಣ್ಣಿನ ಗೂಡು ಅಗಲವಾಗುತ್ತದೆ, ದವಡೆ ಕುಗ್ಗುತ್ತದೆ. ಹಲ್ಲು ಉದುರಿದ್ದರೆ ಕುಗ್ಗುವುದು ಇನ್ನೂ ಬೇಗ. ಹಾಗಾಗಿ ಕೆಲವರನ್ನು ನಾನು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಸರಿಯಾಗಿ ಕೂರುವ ಹಲ್ಲುಸೆಟ್ಟು ಬಂದ ಮೇಲೆ ಒಳಗೆ ಹೋದ ತುಟಿ, ಕೆನ್ನೆ ಎರಡೂ ಸಾಕಷ್ಟು ತುಂಬಿಕೊಂಡು, “ಇನ್ನು ಆಪರೇಷನ್ ಬೇಡ ಬಿಡಿ” ಎಂದು ಹೊರಟವರಿದ್ದಾರೆ.

ಈ ಶಸ್ತ್ರಚಿಕಿತ್ಸೆಗೆ ನೂರು ವರ್ಷ ದಾಟಿದೆ. 1901ರಲ್ಲಿ ಬರ್ಲಿನ್ನಿನಲ್ಲಿ ಓಯ್ಗನ್ ಹೊಲೆಂಡರ್ ಎಂಬ ಸರ್ಜನ್ ಪೋಲೆಂಡಿನ ಶ್ರೀಮಂತ ಮನೆತನದ ಹೆಂಗಸೊಬ್ಬಳ ಒತ್ತಾಯಕ್ಕೆ ಮಣಿದು ಕಿವಿಯ ಹತ್ತಿರ, ಕೂದಲಿನ ಅಂಚಿನಲ್ಲಿ ಚೂರು ಚೂರು ಚರ್ಮ ಕತ್ತರಿಸಿ ತೆಗೆದು ಹೊಲಿದ. ದಾಖಲೆಯಲ್ಲಿರುವ ಮೊದಲ ಫೇಸ್‌ಲಿಫ್ಟ್ ಅದು ಎಂದು ಹೇಳುವುದು ವಾಡಿಕೆ. ನನಗೆ ಹೊಲೆಂಡರನಿಗಿಂತ ಹೆಚ್ಚು ಕಾಡುವವರು ಪ್ಯಾರಿಸಿನ ಡಾಕ್ಟರ್ ಸುಜಾನ್ ನೊಯೆಲ್. ಮೊದಲ ಮಹಾಯುದ್ಧದಲ್ಲಿ ಮುಖ ಒಡೆದುಕೊಂಡು ಬಂದ ಸೈನಿಕರಿಗೆ ಚಿಕಿತ್ಸೆ ಮಾಡಿ ಕೈ ಪಳಗಿಸಿಕೊಂಡಾಕೆ. ಆಮೇಲೆ ಮುಖ ಎತ್ತುವ ಆಪರೇಷನ್ನಿನಲ್ಲಿ ಹೆಸರಾದರು. 1926ರಲ್ಲಿ ಈ ಶಸ್ತ್ರಚಿಕಿತ್ಸೆ ಮತ್ತು ಅದರ ಸಾಮಾಜಿಕ ಪಾತ್ರದ ಮೇಲೆ ಪುಸ್ತಕ ಬರೆದರು. ಸಾಮಾಜಿಕ ಪಾತ್ರವೇ ಎಂದು ಹುಬ್ಬೇರಿಸಬೇಡಿ. ಅವರ ಹತ್ತಿರ ಬರುತ್ತಿದ್ದವರಲ್ಲಿ ವಯಸ್ಸು ಮುಖದ ಮೇಲೆ ಕಂಡ ತಪ್ಪಿಗೆ ಕೆಲಸ ಕಳೆದುಕೊಂಡ, ಇಲ್ಲವೆ ಕಳೆದುಕೊಳ್ಳುವ ಭಯದಲ್ಲಿದ್ದ ದುಡಿಯುವ ಹೆಂಗಸರಿದ್ದರು. ಉಳ್ಳವರಿಂದ ಹಣ ಪಡೆದು ಇಲ್ಲದವರಿಗೆ ಬಿಟ್ಟಿಯಾಗಿ ಮಾಡುತ್ತಿದ್ದರು. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿದವರೂ ಅವರೇ. ನಲವತ್ತು ದಾಟಿದ ಗುಮಾಸ್ತೆಯ ಕೆನ್ನೆಯ ಸುಕ್ಕು ಅವರ ಪಾಲಿಗೆ ಅನ್ನದ ಪ್ರಶ್ನೆಯಾಗಿತ್ತು. ಆ ಪ್ರಶ್ನೆ ಈಗಲೂ ಪೂರ್ತಿ ಹೋಗಿಲ್ಲ. ಮುಂಗಟ್ಟಿನ ಮೇಜಿಗೆ, ಟಿವಿಯ ಪರದೆಗೆ ಎಳೆಯ ಮುಖವೇ ಬೇಕು ಎನ್ನುವ ಯಜಮಾನರು ನಮ್ಮಲ್ಲೂ ಇದ್ದಾರೆ.

ಮೊದಲ ಎಪ್ಪತ್ತು ವರ್ಷ ನಡೆದದ್ದು ಬಹುಮಟ್ಟಿಗೆ ಚರ್ಮ ಎಳೆದು ಹೊಲಿಯುವ ಕೆಲಸ. ಹತ್ತಿ ಹಾಸಿಗೆ ಒಂದು ಕಡೆ ಗುಡ್ಡೆಯಾದಾಗ ಮೇಲಿನ ಚಾದರ ಎಷ್ಟು ಎಳೆದು ಸಿಕ್ಕಿಸಿದರೂ ಹಾಸಿಗೆ ಸಮವಾಗುತ್ತದೆಯೇ? ಸ್ವಲ್ಪ ದಿನಕ್ಕೆ ಕೆನ್ನೆ ಮತ್ತೆ ಇಳಿಯುತ್ತಿತ್ತು, ಎಳೆದ ಜೋರಿಗೆ ಕಿವಿಯ ಮುಂದಿನ ಗಾಯದ ಗೆರೆ ಅಗಲವಾಗುತ್ತಿತ್ತು, ಎದುರುಗಾಳಿಗೆ ಮುಖ ಕೊಟ್ಟು ನಿಂತವರ ಹಾಗೆ ಕಾಣುತ್ತಿದ್ದರು. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1970ರ ದಶಕದಲ್ಲಿ ಚರ್ಮದ ಕೆಳಗಿನ ಪದರಕ್ಕೆ ಕೈ ಹಾಕಿದರು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೋನಿ ಆ ಪದರವನ್ನು ಶವಗಳಲ್ಲಿ ಬಿಡಿಸಿ ನೋಡಿ ವಿವರಿಸಿದರು. ನಾವು ಅದನ್ನು ‘ಸ್ಮಾಸ್’ ಪದರ ಎಂದು ಕರೆಯುತ್ತೇವೆ. ಮುಖದ ಸ್ನಾಯುಗಳನ್ನು ಹೊದ್ದು ಕತ್ತಿನ ತನಕ ಇಳಿಯುವ ತೆಳುವಾದ, ಆದರೆ ಗಟ್ಟಿಯಾದ ಪೊರೆ ಅದು. ಈಗ ಎತ್ತುವುದು, ಬಿಗಿಯುವುದು ಅದನ್ನು. ಮೇಲಿನ ಚರ್ಮವನ್ನು ಎಳೆಯದೆ ಅದರ ಪಾಡಿಗೆ ಹಾಸಿ, ಹೆಚ್ಚಾದಷ್ಟನ್ನು ಮಾತ್ರ ಕತ್ತರಿಸುತ್ತೇವೆ. ಇನ್ನೂ ಆಳಕ್ಕೆ ಹೋಗಿ ಪೊರೆ, ಚರ್ಮ ಎರಡನ್ನೂ ಒಟ್ಟಿಗೆ ಎತ್ತುವ ‘ಡೀಪ್ ಪ್ಲೇನ್’ ವಿಧಾನವನ್ನು ಅಮೆರಿಕದ ಸ್ಯಾಮ್ ಹಮ್ರಾ 1990ರಲ್ಲಿ ಪ್ರಕಟಿಸಿದರು. ಯಾವುದು ಮೇಲು ಎಂಬ ಜಗಳ ಸರ್ಜನ್ನರ ಸಮ್ಮೇಳನಗಳಲ್ಲಿ ಇನ್ನೂ ಮುಗಿದಿಲ್ಲ. ನಿಮಗೆ ಆ ಜಗಳ ಬೇಡ. ವಿಧಾನದ ಹೆಸರಿಗಿಂತ ಅದನ್ನು ಮಾಡುವ ಕೈ ಮುಖ್ಯ.

ಇನ್ನು ತಯಾರಿ. ನಾನು ಕೇಳುವ ಪ್ರಶ್ನೆಗಳಲ್ಲಿ ಜನ ಮುಚ್ಚಿಡುವುದು ಒಂದೇ ಒಂದು ಉತ್ತರ: ತಂಬಾಕು. “ಸಿಗರೇಟ್ ಸೇದ್ತೀರಾ?” ಎಂದರೆ “ಛೇ, ಇಲ್ಲಪ್ಪ” ಎನ್ನುತ್ತಾರೆ. ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪು ಲೆಕ್ಕಕ್ಕಿಲ್ಲ, ಮೂಗಿಗೆ ಏರಿಸುವ ನಶ್ಯ ಲೆಕ್ಕಕ್ಕಿಲ್ಲ. ನಿಕೋಟಿನ್ ಯಾವ ದಾರಿಯಲ್ಲಿ ಹೋದರೂ ಮಾಡುವುದು ಒಂದೇ: ಚರ್ಮದ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಆಪರೇಷನ್ನಿನಲ್ಲಿ ಕೆನ್ನೆಯ ಚರ್ಮವನ್ನು ಬುಡದಿಂದ ಬಿಡಿಸಿರುತ್ತೇವೆ. ಅಂಚಿಗೆ ಬರುವ ರಕ್ತ ಹೇಗೂ ಕಡಿಮೆ. ಅದೂ ನಿಂತರೆ ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸಾಯುತ್ತದೆ. ಹೊಗೆ ಸೇದುವವರಲ್ಲಿ ಹೀಗಾಗುವುದು ಸೇದದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ ಬಿಡಲೇಬೇಕು. ಬಿಡಲಾಗದವರಿಗೆ ನಾನು ಈ ಆಪರೇಷನ್ ಮಾಡುವುದಿಲ್ಲ.

ಎರಡನೆಯದು ರಕ್ತ ತೆಳುವಾಗಿಸುವ ಔಷಧಿ. ಆಸ್ಪಿರಿನ್, ಕೆಲವು ನೋವಿನ ಮಾತ್ರೆ, ಮೀನೆಣ್ಣೆಯ ಗುಳಿಗೆ, ಬೆಳ್ಳುಳ್ಳಿ ಮಾತ್ರೆ, ವಿಟಮಿನ್ ಇ ಇವೆಲ್ಲ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡ ಬರುತ್ತವೆ. ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತೇವೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಈ ಮಾತು ಕೇಳಿ ಆಸ್ಪಿರಿನ್ ಬಿಟ್ಟುಬಿಡಬಾರದು. ಹೃದಯದ ಡಾಕ್ಟರು ಒಪ್ಪದೆ ಆ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಅವರು ಒಪ್ಪದಿದ್ದರೆ ಫೇಸ್‌ಲಿಫ್ಟೇ ಬೇಡ. ತೂಕ ಇಳಿಸುವ ಯೋಚನೆ ಇದ್ದವರು ಅದನ್ನು ಮೊದಲು ಮುಗಿಸಿ ಬರಬೇಕು. ಮುಖ ಬಿಗಿಸಿದ ಮೇಲೆ ಹತ್ತು ಕಿಲೋ ಇಳಿದರೆ ಚರ್ಮ ಮತ್ತೆ ಸಡಿಲವಾಗುತ್ತದೆ.

ಆಮೇಲೆ ನಾನು ತೋಳು ನೋಡುತ್ತೇನೆ. ಮುಖದ ಆಪರೇಷನ್ನಿಗೆ ತೋಳು ಯಾಕೆ ಎಂದು ಕೆಲವರಿಗೆ ಸೋಜಿಗ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಗುರುತು ಅಲ್ಲಿರುತ್ತದೆ. ಅದು ಚಪ್ಪಟೆಯಾಗಿದೆಯೋ, ಕೆಂಪಗೆ ಉಬ್ಬಿ ಬೆಳೆದಿದೆಯೋ? ಕಿವಿ ಚುಚ್ಚಿಸಿದ ಕಡೆ ಗಂಟು ಕಟ್ಟಿದೆಯೋ? ನಮ್ಮ ಕಂದು ಚರ್ಮಕ್ಕೆ ಒಂದು ವರವೂ ಒಂದು ತೊಡಕೂ ಇದೆ. ಬಿಳಿಯರಿಗಿಂತ ತಡವಾಗಿ ಸುಕ್ಕುಗಟ್ಟುತ್ತದೆ, ಆದರೆ ಗಾಯದ ಜಾಗ ಕಪ್ಪಾಗುವುದು, ಉಬ್ಬಿ ಕೀಲಾಯ್ಡ್ ಆಗುವುದು ನಮ್ಮಲ್ಲಿ ಹೆಚ್ಚು. ವಿದೇಶಿ ವಿಡಿಯೊಗಳಲ್ಲಿ ಕಾಣುವ, ಮೂರು ತಿಂಗಳಿಗೆ ಮಾಯವಾಗುವ ಗೆರೆ ನಮ್ಮಲ್ಲಿ ಮಾಯವಾಗಲು ವರ್ಷ ಹಿಡಿಯಬಹುದು. ತೋಳಿನ ಗುರುತು ಉಬ್ಬಿದ್ದರೆ ಅದನ್ನೇ ತೋರಿಸಿ, “ನೋಡಿಯಮ್ಮ, ಕಿವಿಯ ಮುಂದೆ ಹೀಗಾದರೆ ಒಪ್ಪಿಗೆಯೇ?” ಎಂದು ಕೇಳುತ್ತೇನೆ.

ಆಪರೇಷನ್ ದಿನದ ಬೆಳಿಗ್ಗೆ ಮೊದಲ ಕೆಲಸ ಮುಖದ ಮೇಲೆ ನೇರಳೆ ಶಾಯಿಯ ಪೆನ್ನಿನಲ್ಲಿ ಗೆರೆ ಹಾಕುವುದು. ಕೂರಿಸಿಯೇ ಹಾಕಬೇಕು. ಮಲಗಿದರೆ ಇಳಿದ ಕೆನ್ನೆ ತಾನಾಗಿಯೇ ಹಿಂದಕ್ಕೆ ಹೋಗಿ, ಇಳಿದದ್ದು ಎಷ್ಟು ಎಂದೇ ಗೊತ್ತಾಗುವುದಿಲ್ಲ. ಗೆರೆ ಕಣತಲೆಯ ಕೂದಲಿನೊಳಗೆ ಶುರುವಾಗಿ, ಕಿವಿಯ ಮುಂದೆ ಇಳಿದು, ಹಾಲೆಯನ್ನು ಬಳಸಿ, ಕಿವಿಯ ಹಿಂದೆ ಏರಿ, ಹಿಂದಲೆಯ ಕೂದಲಿನಲ್ಲಿ ಮುಗಿಯುತ್ತದೆ. ಕತ್ತಿಗೂ ಕೆಲಸವಿದ್ದರೆ ಗದ್ದದ ಕೆಳಗೆ ಇನ್ನೊಂದು ಪುಟ್ಟ ಗೆರೆ. ಗಂಡಸರಿಗೆ ಇಲ್ಲೊಂದು ವಿಚಿತ್ರ ಕಾದಿದೆ: ಚರ್ಮದ ಜೊತೆ ಗಡ್ಡವೂ ಹಿಂದಕ್ಕೆ ಸರಿಯುವುದರಿಂದ ಆಮೇಲೆ ಕಿವಿಯ ತೀರ ಹತ್ತಿರ, ಕೆಲವೊಮ್ಮೆ ಕಿವಿಯ ಹಿಂದೆಯೂ ಕ್ಷೌರ ಮಾಡಿಕೊಳ್ಳಬೇಕಾಗುತ್ತದೆ. ಪೂರ್ತಿ ಅರಿವಳಿಕೆಯಲ್ಲೋ, ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ ನಿದ್ದೆ ಬರಿಸಿಯೋ ಮೂರರಿಂದ ಐದು ಗಂಟೆಯ ಕೆಲಸ. ನಡುವೆ ಮುಖದ ನರದ ಐದು ಕವಲುಗಳನ್ನು ಕಾಪಾಡಿಕೊಂಡು ಹೋಗಬೇಕು. ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ತುಟಿ ಅಗಲಿಸಿ ನಗುವುದು ಎಲ್ಲಕ್ಕೂ ಆ ಕವಲುಗಳೇ ಆಧಾರ.

ಎಚ್ಚರವಾದ ಕೂಡಲೇ, “ಹುಬ್ಬು ಎತ್ತಿ, ಹಲ್ಲು ತೋರಿಸಿ” ಎಂದು ಕೇಳುತ್ತೇವೆ. ಮರಗಟ್ಟಿಸುವ ಔಷಧಿಯ ಪ್ರಭಾವಕ್ಕೆ ಕೆಲವು ಗಂಟೆ ತುಟಿ ಒಂದು ಕಡೆ ವಾರೆಯಾಗಿರಬಹುದು. ಮನೆಯವರು ಲಕ್ವ ಹೊಡೆದಿದೆ ಎಂದು ಗಾಬರಿಯಾಗುತ್ತಾರೆ. ಬಹುತೇಕ ಅದು ಸಂಜೆಗೆ ಸರಿಹೋಗುತ್ತದೆ. ನರಕ್ಕೇ ಪೆಟ್ಟಾಗಿದ್ದರೂ ಹೆಚ್ಚಿನವರಲ್ಲಿ ವಾರಗಳು, ತಿಂಗಳುಗಳಲ್ಲಿ ಚಲನೆ ಮರಳುತ್ತದೆ. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಅದು ಮರಳದೆ ಉಳಿಯುತ್ತದೆ. ಕಡಿಮೆ ನಿಜ, ಆ ಒಬ್ಬರು ತಾವಾದರೆ ಎಂಬ ಪ್ರಶ್ನೆಯನ್ನು ಸಹಿ ಹಾಕುವ ಮುಂಚೆ ಕೇಳಿಕೊಳ್ಳಬೇಕು.

ಮೊದಲ ರಾತ್ರಿ. ತಲೆ ಸುತ್ತ ಬ್ಯಾಂಡೇಜು, ಕಿವಿಯ ಹಿಂದಿನಿಂದ ರಕ್ತ ಬಸಿಯುವ ಸಣ್ಣ ಕೊಳವೆ, ತಲೆಯಡಿ ಎರಡು ದಿಂಬು. ಹೆದರಿದಷ್ಟು ನೋವು ಇರುವುದಿಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಬಿಗಿತ ಮಾತ್ರ ವಿಪರೀತ. ಈ ರಾತ್ರಿ ನಾವು ಕಾಯುವುದು ಒಂದು ತೊಂದರೆಯನ್ನು. ಚರ್ಮದಡಿ ರಕ್ತ ತುಂಬಿಕೊಳ್ಳುವುದು ಈ ಆಪರೇಷನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ. ಬಹುಪಾಲು ಮೊದಲ 24 ಗಂಟೆಗಳಲ್ಲೇ ಆಗುತ್ತದೆ. ಬಿಪಿ ಏರಿದರೆ, ವಾಂತಿಯಾದರೆ, ಕೆಮ್ಮು ಬಂದರೆ ಅಪಾಯ ಹೆಚ್ಚು. ಗಂಡಸರಲ್ಲಿ ಹೆಂಗಸರಿಗಿಂತ ಹೆಚ್ಚು, ಏಕೆಂದರೆ ಗಡ್ಡ ಬೆಳೆಯುವ ಚರ್ಮಕ್ಕೆ ರಕ್ತದ ಓಡಾಟ ಜಾಸ್ತಿ. ಒಂದೇ ಕಡೆ ಇದ್ದಕ್ಕಿದ್ದಂತೆ ನೋವು ಏರಿತು, ಆ ಕಡೆ ಕೆನ್ನೆ ಗಟ್ಟಿಯಾಗಿ ಉಬ್ಬಿತು ಎಂದರೆ ಬೆಳಗಾಗಲಿ ಎಂದು ಕಾಯಬೇಡಿ. ಹೊಲಿಗೆ ಬಿಚ್ಚಿ ರಕ್ತ ತೆಗೆದರೆ ಚರ್ಮ ಉಳಿಯುತ್ತದೆ. ಸಂಕೋಚಪಟ್ಟು ನರ್ಸನ್ನು ಕರೆಯದೆ ಮಲಗುವವರೇ ತೊಂದರೆಗೆ ಸಿಕ್ಕುತ್ತಾರೆ.

ಎರಡನೇ, ಮೂರನೇ ದಿನ ಊತ ಏರುತ್ತದೆ. ಕಣ್ಣು ಅರ್ಧ ಮುಚ್ಚುತ್ತದೆ. ಚರ್ಮ ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ಮುಖದ ನೀಲಿ ಮೆಲ್ಲಗೆ ಕತ್ತಿಗೆ, ಕೆಲವರಲ್ಲಿ ಎದೆಯ ತನಕ ಇಳಿಯುತ್ತದೆ. ಎರಡು ಕಡೆ ಒಂದೇ ಸಮ ಊದುವುದೂ ಇಲ್ಲ. ಈ ದಿನಗಳಲ್ಲಿ ಕನ್ನಡಿ ನೋಡಿದವರು ಅಳುತ್ತಾರೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಅಳುತ್ತಾರೆ. “ಲಕ್ಷಗಟ್ಟಲೆ ಕೊಟ್ಟು ಇದ್ದ ಮುಖಾನೂ ಹಾಳು ಮಾಡಿಕೊಂಡೆ” ಎನ್ನುತ್ತಾರೆ. ಅರಿವಳಿಕೆಯ ಆಯಾಸ, ನಿದ್ದೆಗೇಡು, ಮನೆಯಲ್ಲಿ ಬಚ್ಚಿಟ್ಟುಕೊಂಡು ಕೂರುವ ಏಕಾಂತ ಎಲ್ಲ ಸೇರಿ ಮೊದಲ ವಾರ ಮನಸ್ಸು ಕುಸಿಯುವುದು ಸಾಮಾನ್ಯ. ಇದು ಬರುತ್ತದೆ, ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದವರು ಸುಲಭವಾಗಿ ದಾಟುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು. ಗಂಡನಿಗೂ ಹೇಳದೆ, ತೀರ್ಥಯಾತ್ರೆಗೆ ಹೋಗುತ್ತೇನೆಂದು ಹೇಳಿ ಬಂದವರ ಸಂಕಟ ನಾನು ಕಂಡಿದ್ದೇನೆ.

ಊಟ ಮೆತ್ತಗಿರಲಿ: ಗಂಜಿ, ಇಡ್ಲಿ, ಮೊಸರನ್ನ. ಚಕ್ಕುಲಿ, ಕಬ್ಬು, ಜೋಳದ ಕಡಕ್ ರೊಟ್ಟಿ ಕೆಲವು ವಾರ ಬೇಡ. ಬಗ್ಗಿ ಕಸ ಗುಡಿಸುವುದು, ಕೊಡ ಎತ್ತುವುದು, ಶೀರ್ಷಾಸನ ಹಾಕುವುದು ಬೇಡ. ಕಿವಿಯ ಮುಂದಿನ ಹೊಲಿಗೆ ಐದರಿಂದ ಏಳು ದಿನಕ್ಕೆ, ಹಿಂದಿನದು ಹತ್ತು ದಿನದ ಹೊತ್ತಿಗೆ ತೆಗೆಯುತ್ತೇವೆ. ಎರಡು ವಾರದ ಹೊತ್ತಿಗೆ ನೀಲಿ ಬಹುತೇಕ ಹೋಗಿ, ಸೆರಗು ಹೊದ್ದು ಹೊರಗೆ ಬರಬಹುದು. ತಲೆಗೆ ಬಣ್ಣ ಹಚ್ಚುವುದಕ್ಕೆ ತಿಂಗಳಾದರೂ ತಾಳಬೇಕು. ಭಾರದ ಜುಮುಕಿಗೆ ಅದಕ್ಕೂ ಹೆಚ್ಚು. ಹಾಲೆಯ ಬುಡದಲ್ಲಿ ಹೊಲಿಗೆ ಮಾಗುತ್ತಿರುವಾಗ ತೂಕ ಬಿದ್ದರೆ ಹಾಲೆ ಕೆಳಗೆ ಎಳೆದುಕೊಂಡು ಕೆನ್ನೆಗೆ ಅಂಟಿದಂತಾಗುತ್ತದೆ.

ಯಾರೂ ಹೆಚ್ಚು ಮಾತಾಡದ ಒಂದು ಸಂಗತಿ ಇದೆ: ಮುಖಕ್ಕೆ ಸ್ಪರ್ಶ ತಿಳಿಯದಿರುವುದು. ಕೆನ್ನೆಯ ಒಂದು ಭಾಗ, ಕಿವಿಯ ಹಾಲೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತವೆ. ಫೋನು ಕಿವಿಗಿಟ್ಟರೆ ಯಾರದೋ ಕಿವಿಗಿಟ್ಟ ಹಾಗೆ ಅನ್ನಿಸುತ್ತದಂತೆ. ಇದು ತೊಂದರೆಯಲ್ಲ, ನಿರೀಕ್ಷಿತವೇ. ಅಪಾಯ ಬೇರೆ ಕಡೆ ಇದೆ. ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿಯೂ ತಿಳಿಯುವುದಿಲ್ಲ. ಹಬ್ಬದ ದಿನ ಅಭ್ಯಂಜನವೆಂದು ಕಾದ ಎಣ್ಣೆ ಸುರಿದುಕೊಂಡು, ಹಂಡೆಯ ಸುಡುನೀರು ಹಾಕಿಕೊಂಡರೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರವೂ ಅಷ್ಟೇ, ಊತಕ್ಕೆಂದು ನೇರವಾಗಿ ಇಡುವ ಐಸೂ ಅಷ್ಟೇ. ನೀರಿನ ಬಿಸಿಯನ್ನು ಕೈಯಲ್ಲಿ ನೋಡಿಯೇ ತಲೆಗೆ ಹಾಕಿಕೊಳ್ಳಿ.

ಮಗಳ ಮದುವೆಗೆ ಮೂರು ವಾರವಿದೆ ಎಂದು ಬರುವ ತಾಯಂದಿರಿಗೆ ನಾನು ಒಂದೇ ಮಾತು ಹೇಳುವುದು: ಮದುವೆ ಮುಗಿಸಿಕೊಂಡು ಬನ್ನಿ. ಹೊರಗೆ ತಿರುಗಾಡುವಂತಾಗುವುದು ಬೇರೆ, ಹತ್ತಿರದಿಂದ ಫೋಟೊ ತೆಗೆಸಿಕೊಳ್ಳುವಂತಾಗುವುದು ಬೇರೆ. ಅದಕ್ಕೆ ಮೂರು ತಿಂಗಳಾದರೂ ಇಟ್ಟುಕೊಳ್ಳಬೇಕು. ಗಾಯದ ಗೆರೆ ಮಾಗಲು ವರ್ಷ.

ಈಗ ನಿರಾಸೆಯ ಮಾತು. ಫೇಸ್‌ಲಿಫ್ಟ್ ಸರಿಮಾಡುವುದು ಮುಖದ ಕೆಳಗಿನ ಮೂರನೇ ಒಂದು ಭಾಗವನ್ನು: ಕೆನ್ನೆಯ ಕೆಳಭಾಗ, ದವಡೆ, ಕತ್ತು. ಹಣೆಯ ಗೆರೆ ಅಲ್ಲೇ ಇರುತ್ತದೆ. ಕಣ್ಣಿನ ಕೆಳಗಿನ ಚೀಲಕ್ಕೆ ಬೇರೆ ಆಪರೇಷನ್. ಮೇಲ್ದುಟಿಯ ಸಣ್ಣ ಗೆರೆಗಳು, ಬಂಗು, ಬಿಸಿಲಿನ ಕಲೆ ಯಾವುದೂ ಹೋಗುವುದಿಲ್ಲ. ಮೂಗಿನ ಪಕ್ಕದಿಂದ ಬಾಯಿಯ ತನಕ ಇಳಿಯುವ ಗೆರೆ ತುಸು ತಿಳಿಯಾಗುತ್ತದೆ, ಅಷ್ಟೇ. ಫಲ ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ನಿಲ್ಲುತ್ತದೆ ಎನ್ನುತ್ತೇವೆ. ಮುಖ ವಯಸ್ಸಾಗುವುದನ್ನು ನಿಲ್ಲಿಸುವುದಿಲ್ಲ. ಸ್ವಲ್ಪ ಹಿಂದಿನಿಂದ ಮತ್ತೆ ಶುರು ಮಾಡುತ್ತದೆ.

ನಮ್ಮ ಪುರಾಣದಲ್ಲಿ ಚ್ಯವನ ಮಹರ್ಷಿಯ ಕಥೆ ಇದೆಯಲ್ಲ. ದೇವವೈದ್ಯರಾದ ಅಶ್ವಿನಿ ದೇವತೆಗಳ ಜೊತೆ ಮುದುಕ ಚ್ಯವನ ಕೊಳದಲ್ಲಿ ಮುಳುಗಿ ಎದ್ದ. ಮೂವರೂ ಒಂದೇ ರೂಪದ ತರುಣರಾಗಿ ನಿಂತರು. ಸುಕನ್ಯೆ ತನ್ನ ಗಂಡ ಯಾರೆಂದು ಗುರುತಿಸಬೇಕಾಯಿತು. ಎಲ್ಲರೂ ಆತನಿಗೆ ಯೌವನ ಬಂದದ್ದನ್ನು ಹೇಳುತ್ತಾರೆ. ನನಗೆ ಸುಕನ್ಯೆಯ ಕಷ್ಟ ದೊಡ್ಡದಾಗಿ ಕಾಣುತ್ತದೆ. ಒಳ್ಳೆಯ ಫೇಸ್‌ಲಿಫ್ಟ್ ಆದ ಮೇಲೆ ಮನೆಯವರು ಗುರುತಿಸಲು ತಡವರಿಸಬಾರದು. “ರಜೆಗೆ ಹೋಗಿದ್ರಾ? ಗೆಲುವಾಗಿದ್ದೀರಿ” ಎಂದರೆ ಕೆಲಸ ಚೆನ್ನಾಗಿ ಆಗಿದೆ. “ಏನ್ ಮಾಡಿಸ್ಕೊಂಡ್ರಿ?” ಎಂದರೆ ಎಲ್ಲೋ ಅತಿಯಾಗಿದೆ. ನಟಿಯ ಫೋಟೊ ಹಿಡಿದು, “ಇವಳ ಹಾಗೆ ಮಾಡಿ” ಎಂದು ಬರುವವರನ್ನೂ, ಗಂಡ ತೀರಿಕೊಂಡ ಇಲ್ಲವೆ ಬಿಟ್ಟುಹೋದ ವರ್ಷವೇ ಬರುವವರನ್ನೂ ನಾನು ವಾಪಸು ಕಳಿಸಿ, ಸಮಯ ಕೊಟ್ಟು, ಆಮೇಲೂ ಬೇಕೆನ್ನಿಸಿದರೆ ಬನ್ನಿ ಎನ್ನುತ್ತೇನೆ. ಮಗಳೋ ಗಂಡನೋ ಒತ್ತಾಯಿಸಿ ಕರೆತಂದಿದ್ದರೆ ಅವರನ್ನು ಹೊರಗೆ ಕೂರಿಸಿ ಮಾತಾಡುತ್ತೇನೆ.

ಕತ್ತರಿಯಿಲ್ಲದ ಬೇರೆ ದಾರಿಗಳೂ ಇವೆ. ಬೊಟಾಕ್ಸ್ ಸುಮಾರು ಮೂರು, ನಾಲ್ಕು ತಿಂಗಳು ಹಣೆಯ ಸ್ನಾಯುವನ್ನು ಮಲಗಿಸುತ್ತದೆ. ಫಿಲ್ಲರ್ ಗುಳಿ ಬಿದ್ದಲ್ಲಿ ತುಂಬುತ್ತದೆ. ತಪ್ಪಿ ರಕ್ತನಾಳಕ್ಕೆ ಹೋದರೆ ಕಣ್ಣು ಹೋದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಚುಚ್ಚಿಸಿಕೊಳ್ಳಬೇಡಿ. ದಾರ ಹಾಕಿ ಎಳೆಯುವ ಥ್ರೆಡ್ ಲಿಫ್ಟ್ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಇಳಿದ ಕತ್ತನ್ನು ಇವು ಯಾವುವೂ ಎತ್ತುವುದಿಲ್ಲ.

ಹಣದ ಮಾತು ಬಂದಾಗ ನನಗೆ ಕಾವಸ್‌ಜಿ ನೆನಪಾಗುತ್ತಾನೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಹಣೆಯ ಚರ್ಮ ತಿರುಗಿಸಿ ಅವನಿಗೆ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಈ ಸುದ್ದಿ ಅಚ್ಚು ಹಾಕಿತು, ಯುರೋಪಿನ ಸರ್ಜನ್ನರು ಅದನ್ನು ಓದಿ ಮೂಗು ಕಟ್ಟಲು ಕಲಿತರು. ಕಾವಸ್‌ಜಿ ಇಂದು ಬಂದರೆ ಅವನ ಮೂಗಿಗೆ ಜಿಎಸ್‌ಟಿ ಇಲ್ಲ. ಗಾಯದಿಂದ, ಹುಟ್ಟಿನ ದೋಷದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದು ಕಾನೂನಿನ ಕಣ್ಣಿನಲ್ಲಿ ಚಿಕಿತ್ಸೆ. ಫೇಸ್‌ಲಿಫ್ಟ್ ಅಲ್ಲ, ಅದಕ್ಕೆ ಶೇಕಡಾ 18 ತೆರಿಗೆ. ಆರೋಗ್ಯ ವಿಮೆಯವರೂ ಇದೇ ಗೆರೆ ಎಳೆದಿದ್ದಾರೆ: ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಬಿಟ್ಟರೆ ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ದುಡ್ಡು ಬರುವುದಿಲ್ಲ. ಆದ್ದರಿಂದ ಸಾಲ ಮಾಡಿ, ಚಿನ್ನ ಅಡವಿಟ್ಟು ಇದಕ್ಕೆ ಬರಬೇಡಿ.

ಕಡೆಯದಾಗಿ ಎಲ್ಲಿ, ಯಾರ ಕೈಯಲ್ಲಿ ಎಂಬುದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ನಿಗೆ ಹೋದ 21ರ ಹರೆಯದ ಕಿರುತೆರೆ ನಟಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ನಡುಹರೆಯಕ್ಕೆ ಬಂದ ಹೆಂಡತಿಯರನ್ನು ಬಿಟ್ಟುಹೋಗುವ ಗಂಡಂದಿರ ಬಗ್ಗೆ ಕಾದಂಬರಿ ಬರೆದು ಹೆಸರಾದ ಅಮೆರಿಕದ ಒಲಿವಿಯಾ ಗೋಲ್ಡ್‌ಸ್ಮಿತ್ 2004ರಲ್ಲಿ ಗದ್ದದ ಸಣ್ಣ ಆಪರೇಷನ್ನಿಗೆ ಹೋಗಿ ಅರಿವಳಿಕೆಯಿಂದ ಏಳಲೇ ಇಲ್ಲ. ಅಂದಕ್ಕೆ ಮಾಡುವ ಆಪರೇಷನ್ನೂ ಆಪರೇಷನ್ನೇ. ಎಂಬಿಬಿಎಸ್, ಅದಾದ ಮೇಲೆ ಶಸ್ತ್ರಚಿಕಿತ್ಸೆಯ ಎಂಎಸ್, ಅದಾದ ಮೇಲೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ ಎಂದು ಕೇಳಿ ತಿಳಿದುಕೊಳ್ಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಡಾಕ್ಟರ ಹತ್ತಿರ ಹೋಗಬೇಡಿ. ಅರಿವಳಿಕೆ ವೈದ್ಯರು ಕೊನೆಯ ತನಕ ಪಕ್ಕದಲ್ಲೇ ಇರುತ್ತಾರೆಯೇ, ರಾತ್ರಿ ಯಾರಿರುತ್ತಾರೆ, ಉಸಿರಾಟಕ್ಕೆ ತೊಂದರೆಯಾದರೆ ಐಸಿಯು ಎಲ್ಲಿದೆ ಎಂದು ಕೇಳಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕು ನೋಂದಣಿ ಮಾಡಿಸಿರಲೇಬೇಕು. ಆ ಪತ್ರ ತೋರಿಸಿ ಎನ್ನಿ. ಹಿಂದೆ ಮಾಡಿಸಿಕೊಂಡವರ ಫೋಟೊ ತೋರಿಸಿದರೆ, ಎರಡನೇ ವಾರದ ಫೋಟೊ ಇದೆಯೇ ಎಂದು ವಿಚಾರಿಸಿ. ನಿಮ್ಮ ಕಡೆಯಿಂದಲೂ ಒಂದು ಕೆಲಸವಾಗಬೇಕು. ನುಂಗುವ ಮಾತ್ರೆ, ಹಾಕುವ ಎಲೆಅಡಿಕೆ, ಇರುವ ಬಿಪಿ, ಸಕ್ಕರೆ ಒಂದನ್ನೂ ಬಚ್ಚಿಡದೆ ಡಾಕ್ಟರಿಗೆ ಹೇಳಿ.